ಕೋಳಿಗಳ ಕರುಳಿನ ಆರೋಗ್ಯಕ್ಕೆ ಆ್ಯಂಟಿಬಯಾಟಿಕ್ ಬದಲು ಪ್ರೋಬಯಾಟಿಕ್ ಕೊಟ್ಟರೆ ಸಾಕೇ?

ಬೆಳವಣಿಗೆ ಹೆಚ್ಚಲೆಂದು ಆಹಾರದಲ್ಲಿ ಸಣ್ಣ ಪ್ರಮಾಣದಲ್ಲಿ ಬೆರೆಸುವ ಆ್ಯಂಟಿಬಯಾಟಿಕ್‌ಗೆ ಪ್ರೋಬಯಾಟಿಕ್ (ಕರುಳಿಗೆ ಉಪಯುಕ್ತವಾದ ಜೀವಂತ ಸೂಕ್ಷ್ಮಾಣುಗಳು) ಸ್ವಲ್ಪಮಟ್ಟಿಗೆ ಬದಲಿಯಾಗಬಲ್ಲದು. ಆದರೆ ರೋಗ ತಗುಲಿದ ಹಿಂಡಿಗೆ ಅದು ಚಿಕಿತ್ಸೆಯಲ್ಲ.

ತಾಯಿಕೋಳಿಯ ಹಿಂದೆ ಓಡಾಡುವ ಮರಿ ಅದರ ಹಿಕ್ಕೆ ಬಿದ್ದ ನೆಲವನ್ನು ಕುಕ್ಕುತ್ತಲೇ ಉಪಯುಕ್ತ ಸೂಕ್ಷ್ಮಾಣುಗಳನ್ನು ಪಡೆಯುತ್ತದೆ. ಯಂತ್ರದ ಕಾವಿನಲ್ಲಿ ಮೊಟ್ಟೆಯೊಡೆದು ಬಂದ ಮರಿಗೆ ಆ ಭಾಗ್ಯವಿಲ್ಲದ್ದರಿಂದ, ಅದರ ಕರುಳಿನಲ್ಲಿ ತೆರವಾಗಿರುವ ಜಾಗವನ್ನು ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಸುಲಭವಾಗಿ ಆಕ್ರಮಿಸುತ್ತದೆ. ಬೆಳೆದ ಕೋಳಿಯ ಕರುಳಿನ ಸೂಕ್ಷ್ಮಾಣುಗಳನ್ನು ಮರಿಗೆ ಕೊಟ್ಟರೆ ಈ ಆಕ್ರಮಣ ತಗ್ಗುತ್ತದೆಂದು ಫಿನ್ಲೆಂಡಿನ ಸಂಶೋಧಕರಾದ ನೂರ್ಮಿ ಮತ್ತು ರಂತಾಲ 1973ರಲ್ಲೇ ತೋರಿಸಿದ್ದರು. ಪ್ರೋಬಯಾಟಿಕ್‌ನ ಕೆಲಸವೂ ಬಹುಪಾಲು ಇದೇ: ಜಾಗ ಹಿಡಿಯುವುದು, ಪೋಷಕಾಂಶಕ್ಕೆ ಪೈಪೋಟಿ ನೀಡುವುದು, ಲ್ಯಾಕ್ಟಿಕ್ ಆಮ್ಲದಿಂದ ಕರುಳಿನ ಆಮ್ಲೀಯತೆಯನ್ನು ಹೆಚ್ಚಿಸುವುದು.

ಫಲಿತಾಂಶ ಮಾತ್ರ ಕೊಡುವ ಸೂಕ್ಷ್ಮಾಣುವಿನ ತಳಿಯನ್ನು ಅವಲಂಬಿಸಿದೆ. ಬ್ಯಾಸಿಲಸ್ ಬ್ಯಾಕ್ಟೀರಿಯಾದ ಬೀಜಕಗಳು (ಗಟ್ಟಿ ಕವಚದ ಸುಪ್ತ ರೂಪ) ಆಹಾರವನ್ನು ಗುಳಿಗೆ ಮಾಡುವಾಗಿನ ಬಿಸಿಯನ್ನು ತಾಳಿಕೊಳ್ಳುತ್ತವೆ. ಲ್ಯಾಕ್ಟೋಬ್ಯಾಸಿಲಸ್ ಸಾಮಾನ್ಯವಾಗಿ ತಾಳದ ಕಾರಣ ಅದನ್ನು ಕುಡಿಯುವ ನೀರಿನಲ್ಲಿ ಕೊಡುವುದುಂಟು. ಆ ನೀರಿಗೆ ಕ್ಲೋರಿನ್ ಬೆರೆಸಿದ್ದರೆ ಕೊಟ್ಟ ಸೂಕ್ಷ್ಮಾಣುಗಳೇ ಸಾಯುತ್ತವೆ (ಉತ್ಪನ್ನವನ್ನು ದೂರುವ ಮುನ್ನ ಇದನ್ನು ಪರಿಶೀಲಿಸುವುದು ಒಳ್ಳೆಯದು).

ಐರೋಪ್ಯ ಒಕ್ಕೂಟವು 2006ರ ಜನವರಿ 1ರಿಂದ ಬೆಳವಣಿಗೆ ವರ್ಧಕ ಆ್ಯಂಟಿಬಯಾಟಿಕ್‌ಗಳನ್ನು ನಿಷೇಧಿಸಿತು. ಹೀಗೆ ಅವನ್ನು ಕೈಬಿಟ್ಟಾಗ ಮುಖ್ಯವಾಗಿ ಕಾಡುವುದು ಬ್ಯಾಕ್ಟೀರಿಯಾವಾದ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್‌ನಿಂದ ಬರುವ ಕರುಳುಬೇನೆ. ಕಾಕ್ಸಿಡಿಯಾ ಎಂಬ ಪರೋಪಜೀವಿಯಿಂದ ಬರುವ ಕಾಕ್ಸಿಡಿಯೋಸಿಸ್ ರೋಗ ಕರುಳಿನ ಒಳಪದರವನ್ನು ಗಾಸಿಗೊಳಿಸಿ ಅದಕ್ಕೆ ದಾರಿ ಮಾಡಿಕೊಡುವುದರಿಂದ, ಕಾಕ್ಸಿಡಿಯಾ ನಿಯಂತ್ರಣ ಮತ್ತು ಕೋಳಿಮನೆಯ ನೆಲದಲ್ಲಿ ಒಣಗಿದ ಹಾಸಿಲ್ಲದೆ ಪ್ರೋಬಯಾಟಿಕ್ ಒಂದನ್ನೇ ನಂಬುವುದು ನನ್ನ ದೃಷ್ಟಿಯಲ್ಲಿ ದುಡ್ಡು ದಂಡ.