ಕಾರವಾರದಿಂದ ಬೆಂಗಳೂರಿಗೆ ಹೋದಾಗ ಯಾವ ಕ್ರೀಡಾಂಗಣ ನೋಡಬಹುದು?

ಮಕ್ಕಳೊಡನೆ ಎರಡು ದಿನಕ್ಕೆ ಹೋಗುವುದಾಗಿ ತಿಳಿಸಿದ್ದೀರಿ. ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಸಂಜೆ ಹೊರಟರೆ ಬೆಳಿಗ್ಗೆ ಬೆಂಗಳೂರಿನಲ್ಲಿರುತ್ತೀರಿ. ಮೆಟ್ರೊದಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಚಿನ್ನಸ್ವಾಮಿ ಕ್ರೀಡಾಂಗಣ ಪಕ್ಕದಲ್ಲೇ ಇದೆ. ಅಲ್ಲಿ ಹುಲ್ಲಿನಡಿ ಹಾಸಿದ ಕೊಳವೆಗಳ ಮೂಲಕ ಮಳೆನೀರನ್ನು ಯಂತ್ರದಿಂದ ಹೀರಿ ಹೊರಹಾಕುವ ಸಬ್‌ಏರ್ ವ್ಯವಸ್ಥೆಯನ್ನು 2017ರಲ್ಲಿ ಅಳವಡಿಸಿದ್ದಾರೆ. ಜೂನ್ ಬಂತೆಂದರೆ ಮೈದಾನವೆಲ್ಲ ಕೆಸರುಗದ್ದೆಯಾಗುವುದನ್ನು ಕಂಡಿರುವ ನಮ್ಮ ಕರಾವಳಿಯವರಿಗೆ ಇದು ಪಂದ್ಯದಷ್ಟೇ ಕುತೂಹಲದ ಸಂಗತಿ. ಪಂದ್ಯವಿಲ್ಲದ ದಿನ ಒಳಗೆ ಬಿಡುತ್ತಾರೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಿ.

ಮಕ್ಕಳಿಗಾದರೆ ನಾನು ಹೇಳುವುದು ಕಂಠೀರವ ಕ್ರೀಡಾಂಗಣವನ್ನೇ. 2018–19ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲ್ ಪ್ರಶಸ್ತಿ ಗೆದ್ದ ಬೆಂಗಳೂರು ಎಫ್‌ಸಿಯ ತವರು ಅಂಗಳವದು. ಪಂದ್ಯವಿದ್ದ ಸಂಜೆ ಪಶ್ಚಿಮ ಭಾಗದಲ್ಲಿ ನೀಲಿ ಅಂಗಿಯ ಅಭಿಮಾನಿಗಳು ನಿಂತೇ ಹಾಡುತ್ತಿರುತ್ತಾರೆ.