14 ದಾಟಿದ್ರ ವಿಶೇಷ ಶಿಕ್ಷಣಕ್ಕ ಸರಕಾರದ ಖರ್ಚು ಬಂದ್ ಆಕ್ಕೈತೇನು?

ಇಲ್ರೀ ಅಕ್ಕಾರ. ನಿಮ್ಮ ಮಗಗ 15 ಆತು, ಬುದ್ಧಿಮಾಂದ್ಯತೆ ಐತಿ, ಗದಗದಾಗ ಸಾಲ್ಯಾಗ ಕೇಳಿದ್ರ "14 ಮುಗೀತು, ಇನ್ನ ಫ್ರೀ ಇಲ್ಲ" ಅಂದ್ರು ಅಂತ ಬರದೀರಿ, ಅದು ತಪ್ಪೈತಿ. 14 ಅನ್ನೂದು 2009ರ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಲೆಕ್ಕ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 31ನೇ ಕಲಂ ಪ್ರಕಾರ ಶೇ 40 ಇಲ್ಲಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇದ್ದ ಮಕ್ಕಳಿಗೆ 6ರಿಂದ 18 ವರ್ಷದ ತನಕ ಶಿಕ್ಷಣ ಉಚಿತ, ಮನಿ ಹತ್ರದ ಸಾಲಿಗೆ ಹಾಕ್ತೀರೋ ವಿಶೇಷ ಶಾಲೆಗೆ ಹಾಕ್ತೀರೋ ಆಯ್ಕೆ ನಿಮ್ಮದ.

ರೊಕ್ಕ ಅಂದ್ರ, ಸರಕಾರದ ಸಮಗ್ರ ಶಿಕ್ಷಣ ಯೋಜನೆಯಾಗ ಒಬ್ಬ ಮಗುವಿಗೆ ವರ್ಷಕ್ಕ 3500 ರೂಪಾಯಿ ತನಕ ಇಟ್ಟಾರ, ಹೆಚ್ಚಾಗಿ ಅದು ಸಾಧನ, ಥೆರಪಿ, ಓಡಾಟದ ಭತ್ಯೆ ಹಿಂಗ ಸಿಗ್ತೈತಿ. ಹೆಣ್ಮಕ್ಕಳಿಗೆ ಬ್ಯಾರೆ ತಿಂಗಳಾ 200, ವರ್ಷದಾಗ 10 ತಿಂಗಳು. ಭಾಳ ಕಡಿಮಿ ಅನಸ್ತೈತಿ ನನಗ, ಆದ್ರ ಬಿಡಬ್ಯಾಡ್ರಿ.

ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರಕಾರ ಕೊಡೂ ಗುರುತಿನ ಚೀಟಿ) ಇಲ್ಲಾಂದ್ರ ಮೊದ್ಲ ಅದನ್ನ ಮಾಡಸ್ರಿ, ಆಮ್ಯಾಲೆ ತಾಲೂಕಿನ ಬಿಆರ್‌ಸಿಗೆ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕ) ಹೋಗಿ ವಿಶೇಷ ಮಕ್ಕಳನ್ನ ನೋಡ್ಕೊಳ್ಳೋ ಸಂಪನ್ಮೂಲ ಶಿಕ್ಷಕರನ್ನ ಭೇಟಿ ಆಗ್ರಿ. ಸಾಲಿಗೆ ಬರಾಕ ಆಗದಷ್ಟು ತ್ರಾಸ ಇದ್ರ ಗೃಹಾಧಾರಿತ ಶಿಕ್ಷಣಾನೂ ಐತಿ, ಅವರೇ ಮನಿಗೆ ಬರ್ತಾರ. ಅರ್ಜಿ ಕೊಟ್ಟಾಗ ಸ್ವೀಕೃತಿ ಸಹಿ ತಗೋರಿ.