ಹಮಾಲಿಯನ್ನು ಮೂರು ಸಲ ಕೂಡಿದ ಲೇಖನದ ಬಗ್ಗೆ

ಪ್ರಿಯ ಲೇಖಕರೇ,

ಕೋಲಾರದಿಂದ ನೀವು ಕಳುಹಿಸಿದ ‘ಚೀಟಿಯಿಂದ ಚಾರ್ಟಿನವರೆಗೆ’ ಎಂಬ ಲೇಖನವನ್ನು ಎರಡು ಬಾರಿ ಓದಿದೆ. ಬಹುಮೌಲ್ಯ ಡೇಟಾಬೇಸಿನಲ್ಲಿ, ಅಂದರೆ ಒಂದೇ ರೆಕಾರ್ಡಿನ ಒಂದು ಕಾಲಮ್ಮಿನಲ್ಲಿ ಹಲವು ಮೌಲ್ಯಗಳನ್ನು ಇಡಬಲ್ಲ ಡೇಟಾಬೇಸಿನಲ್ಲಿ, ವರ್ಷಗಳಿಂದ ಕೂಡಿಬಂದಿರುವ ವ್ಯಾಪಾರದ ಲೆಕ್ಕಗಳಿಂದ ಇಂದಿನ ಬಿಸಿನೆಸ್ ಇಂಟೆಲಿಜೆನ್ಸ್ ವರದಿಗಳನ್ನು (ವ್ಯಾಪಾರದ ನಿರ್ಧಾರಗಳಿಗೆ ನೆರವಾಗುವ ಕೋಷ್ಟಕ, ಚಾರ್ಟುಗಳನ್ನು) ತೆಗೆಯುವುದು ಹೇಗೆಂದು ಕನ್ನಡದಲ್ಲಿ ವಿವರಿಸಲು ಹೊರಟಿದ್ದೀರಿ. 1965ರಲ್ಲಿ ಅಮೆರಿಕದ ಟಿಆರ್‌ಡಬ್ಲ್ಯೂ ಸಂಸ್ಥೆಯಲ್ಲಿ ಡಿಕ್ ಪಿಕ್ ಮತ್ತು ಡಾನ್ ನೆಲ್ಸನ್ ಅವರು ಶಯನ್ ಹೆಲಿಕಾಪ್ಟರಿನ ಬಿಡಿಭಾಗಗಳ ಲೆಕ್ಕಕ್ಕಾಗಿ ಈ ಪದ್ಧತಿಯನ್ನು ರೂಪಿಸಿದ ಕಥೆ ಚೊಕ್ಕವಾಗಿದೆ. ದಿನಾಂಕವನ್ನು 1967ರ ಡಿಸೆಂಬರ್ 31ರಿಂದ ಎಣಿಸಿದ ದಿನಗಳ ಸಂಖ್ಯೆಯಾಗಿ ಇಡುತ್ತಾರೆ ಎಂಬುದನ್ನೂ ಮರೆಯದೆ ಹೇಳಿದ್ದೀರಿ. ಭಾಷೆ ತಿಳಿಯಾಗಿದೆ. ಆದರೂ ಲೇಖನವನ್ನು ಈಗಿರುವಂತೆ ಪ್ರಕಟಿಸಲಾರೆ. ಅದಕ್ಕೆ ಕಾರಣ ನಿಮ್ಮ ನಾಲ್ಕನೆಯ ಪುಟ.

ಆ ಪುಟದಲ್ಲಿ ತಿಪಟೂರಿನ ಕೊಬ್ಬರಿ ಮಂಡಿಯ ಒಂದು ಚೀಟಿಯನ್ನು ಉದಾಹರಣೆಯಾಗಿ ಕಲ್ಪಿಸಿಕೊಂಡಿದ್ದೀರಿ. ಒಬ್ಬ ರೈತನ ಮೂರು ಲಾಟು: ಮೊದಲ ದರ್ಜೆಯದು 10 ಕ್ವಿಂಟಲ್, 1,20,000 ರೂಪಾಯಿ, ಎರಡನೆಯದು 6 ಕ್ವಿಂಟಲ್, 66,000, ಮೂರನೆಯದು 4 ಕ್ವಿಂಟಲ್, 36,000. ಇಡೀ ಚೀಟಿಗೆ ಹಮಾಲಿ 1,200 ರೂಪಾಯಿ. ‘ಒಂದು ಚೀಟಿ ಎಂದರೆ ಒಂದು ರೆಕಾರ್ಡು; ಮೂರು ಲಾಟುಗಳೂ ಅದರೊಳಗೇ ಮೂರು ಮೌಲ್ಯಗಳಾಗಿ ಕೂರುತ್ತವೆ’ ಎಂದು ಬರೆದಿದ್ದೀರಿ. ಈ ವಾಕ್ಯಕ್ಕೆ ನನ್ನ ತಕರಾರಿಲ್ಲ. ಮಂಡಿಯ ಗುಮಾಸ್ತ ಚೀಟಿ ಬರೆಯುವ ರೀತಿಯೂ ಅದೇ. ಅವನು ಒಂದು ವ್ಯವಹಾರವನ್ನು ಮೂರು ಹಾಳೆಗಳಿಗೆ ಹರಿದು ಹಂಚುವುದಿಲ್ಲ.

ಮುಂದಿನ ವಾಕ್ಯ: ‘ವರದಿಗಾಗಿ ಇದನ್ನು ಬಿಡಿಸಿ ಮೂರು ಸಾಲು ಮಾಡಿದರೆ ಸಾಕು.’ ನಾನು ನಿಂತದ್ದು ಆ ‘ಸಾಕು’ ಎಂಬ ಪದದ ಬಳಿ. ಚೀಟಿಯನ್ನು ಮೂರು ಸಾಲಾಗಿ ಬಿಡಿಸಿದಾಗ ಲಾಟಿನ ತೂಕ, ದರ್ಜೆ, ಬೆಲೆಗಳು ತಮ್ಮ ತಮ್ಮ ಸಾಲಿಗೆ ಹೋಗುತ್ತವೆ. ಆದರೆ ಹಮಾಲಿ ಯಾವ ಲಾಟಿಗೂ ಸೇರಿದ್ದಲ್ಲ, ಅದು ಚೀಟಿಗೆ ಸೇರಿದ್ದು. ಬಿಡಿಸಿದಾಗ ಅದು ಮೂರು ಸಾಲಿನಲ್ಲಿಯೂ ನಕಲಾಗುತ್ತದೆ. ನಿಮ್ಮದೇ ಕೋಷ್ಟಕವನ್ನು ನೋಡಿ: ಹಮಾಲಿಯ ಕಾಲಮ್ಮಿನಲ್ಲಿ 1,200, 1,200, 1,200, ಅದರ ಅಡಿಯಲ್ಲಿ ದಪ್ಪ ಅಕ್ಷರದಲ್ಲಿ 3,600. ಬಳಿಕ ನೀವು ಬರೆದಿರುವ ವಾಕ್ಯ: ‘ಉಳಿದದ್ದನ್ನು ಟೂಲ್ ತಾನೇ ಕೂಡಿಕೊಳ್ಳುತ್ತದೆ.’ ನಿಜ, ವರದಿ ಮಾಡುವ ಆ ತಂತ್ರಾಂಶ ಕೂಡಿಕೊಂಡಿದೆ. ಆ ಮಂಡಿಯಲ್ಲಿ ಯಾರ ಕೈಗೂ ಬಾರದ, ಯಾರ ಕೈಯಿಂದಲೂ ಹೋಗದ 2,400 ರೂಪಾಯಿ ನಿಮ್ಮ ಪುಟದಲ್ಲಿ ಹುಟ್ಟಿದೆ. ಅದೇ ಅಂಕಿಯನ್ನು ಆಧರಿಸಿ ‘ಹಮಾಲಿ ವೆಚ್ಚ ಹೆಚ್ಚಾಗಿರುವುದು ಚಾರ್ಟಿನಲ್ಲಿ ಎದ್ದು ಕಾಣುತ್ತದೆ’ ಎಂಬ ತೀರ್ಮಾನವನ್ನೂ ಕೊಟ್ಟಿದ್ದೀರಿ.

ಇದು ಕೈತಪ್ಪಿನಿಂದ ಆದದ್ದಲ್ಲ ಎಂದು ಹೇಳುವುದಕ್ಕೆ ಎರಡನೆಯ ಪುಟದ ಒಂದು ವಾಕ್ಯವೇ ಸಾಕ್ಷಿ: ‘ಡಿಕ್ಷನರಿ ಎಂಬುದು ಕಾಲಮ್ಮುಗಳ ಹೆಸರುಗಳ ಪಟ್ಟಿ.’ ಡಿಕ್ಷನರಿಯನ್ನು ಹೆಸರುಗಳ ಪಟ್ಟಿ ಎಂದುಕೊಂಡವರಿಗೆ ಈ ತಪ್ಪು ಕಾಣುವುದೇ ಇಲ್ಲ. ಯೂನಿವರ್ಸ್‌ ಎಂಬ ಬಹುಮೌಲ್ಯ ಡೇಟಾಬೇಸಿನಂಥ ವ್ಯವಸ್ಥೆಯಲ್ಲಿ, ಡಿಕ್ಷನರಿಯೊಳಗೆ ಕಾಲಮ್ಮನ್ನು ವಿವರಿಸುವ ನಮೂದಿನ (ಡಿ ಅಥವಾ ಐ ಬಗೆಯದು) ಆರನೆಯ ಜಾಗದಲ್ಲಿ ಎಸ್ ಅಥವಾ ಎಂ ಎಂಬ ಒಂದು ಅಕ್ಷರವಿರುತ್ತದೆ. ಎಸ್ ಎಂದರೆ ರೆಕಾರ್ಡಿಗೆ ಒಂದೇ ಮೌಲ್ಯ, ಎಂ ಎಂದರೆ ಹಲವು. ಏಳನೆಯ ಜಾಗದಲ್ಲಿ ಯಾವ ಯಾವ ಕಾಲಮ್ಮುಗಳು ಒಂದಕ್ಕೊಂದು ಜೋಡಿಯಾಗಿವೆ ಎಂಬ ಗುಂಪಿನ ಹೆಸರು ಇರುತ್ತದೆ. ತೂಕ, ದರ್ಜೆ, ಬೆಲೆ ಒಂದು ಗುಂಪು. ಹಮಾಲಿ ಆ ಗುಂಪಿನ ಹೊರಗೆ. ವರದಿ ಮಾಡುವವನು ಮೊದಲು ಓದಬೇಕಾದದ್ದು ಈ ಎರಡು ಜಾಗಗಳನ್ನು. ಅವುಗಳನ್ನು ಓದಿದ್ದರೆ ನೀವು ಒಂದು ಕೋಷ್ಟಕ ಮಾಡುತ್ತಿರಲಿಲ್ಲ, ಎರಡು ಮಾಡುತ್ತಿದ್ದಿರಿ: ಚೀಟಿಗೆ ಒಂದು ಸಾಲಿನಂತೆ ಹಮಾಲಿ ಇರುವ ಕೋಷ್ಟಕ, ಲಾಟಿಗೆ ಒಂದು ಸಾಲಿನಂತೆ ತೂಕ ಮತ್ತು ಬೆಲೆ ಇರುವ ಕೋಷ್ಟಕ, ಎರಡನ್ನೂ ಹೆಣೆಯಲು ಚೀಟಿಯ ಸಂಖ್ಯೆ.

ಅದೇ ಪುಟದ ಕೊನೆಯಲ್ಲಿ ಇದೇ ಜಾತಿಯ ಇನ್ನೊಂದು ತಪ್ಪಿದೆ: ‘ಎರಡನೆಯ ದರ್ಜೆಯ ಮಾರಾಟವನ್ನು ಮಾತ್ರ ತಿಳಿಯಲು ವಿತ್ ಎಂಬ ಪದವನ್ನು ಬಳಸಿ.’ ವಿತ್ ಎಂದರೆ ಡೇಟಾಬೇಸಿನಿಂದ ವರದಿ ಕೇಳುವಾಗ ಷರತ್ತು ಹಾಕುವ ಪದ. ಅದು ಆರಿಸುವುದು ರೆಕಾರ್ಡನ್ನು, ರೆಕಾರ್ಡಿನೊಳಗಿನ ಮೌಲ್ಯವನ್ನಲ್ಲ. ಎರಡನೆಯ ದರ್ಜೆಯ ಲಾಟು ಒಂದಿದ್ದರೂ ಇಡೀ ಚೀಟಿ ವರದಿಗೆ ಬರುತ್ತದೆ, 6 ಕ್ವಿಂಟಲ್ ಬರಬೇಕಾದಲ್ಲಿ 20 ಕ್ವಿಂಟಲ್ ಬರುತ್ತದೆ. ಹೊಂದುವ ಮೌಲ್ಯವನ್ನಷ್ಟೇ ಅಚ್ಚಿಗೆ ತರಲು ಯೂನಿವರ್ಸ್‌ನಲ್ಲಿ ವೆನ್ ಎಂಬ ಬೇರೆ ಪದವೇ ಇದೆ. ಅದರ ಹೆಸರು ನಿಮ್ಮ ಲೇಖನದಲ್ಲಿ ಎಲ್ಲಿಯೂ ಇಲ್ಲ.

ಇಷ್ಟು ಖಾರವಾಗಿ ಬರೆಯುತ್ತಿರುವುದೇಕೆ ಎಂದು ನಿಮಗೆ ಅನ್ನಿಸಬಹುದು. ನಾನು ಲೆಕ್ಕ ಕಲಿತದ್ದು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ, ವಯಸ್ಸಾದ ಒಬ್ಬ ಗುಮಾಸ್ತರ ಕೈಕೆಳಗೆ. ಲಾಟುಗಳನ್ನೆಲ್ಲ ಬರೆದು ಮುಗಿಸಿದ ಮೇಲೆ ಅವರು ಅಡ್ಡಗೆರೆ ಎಳೆಸುತ್ತಿದ್ದರು. ಹಮಾಲಿ, ದಲಾಲಿಗಳನ್ನು ಗೆರೆಯ ಕೆಳಗೇ ಬರೆಯಬೇಕು. ಗೆರೆಯ ಮೇಲಿನದು ಲಾಟಿಗೆ, ಕೆಳಗಿನದು ಚೀಟಿಗೆ. ಸಂಜೆ ಮಂಡಿ ಮುಚ್ಚುವ ಮೊದಲು ಗೆರೆಯ ಕೆಳಗಿನ ಅಂಕಿಗಳನ್ನು ಬೇರೆಯಾಗಿ ಕೂಡಿ, ಹಮಾಲರಿಗೆ ಕೊಟ್ಟ ಹಣದೊಂದಿಗೆ ತಾಳೆ ನೋಡದೆ ಅವರು ಯಾರನ್ನೂ ಮನೆಗೆ ಕಳುಹಿಸುತ್ತಿರಲಿಲ್ಲ.

ಕೆಲವು ವರ್ಷಗಳ ನಂತರ ತುಮಕೂರಿನಲ್ಲಿ ವಾಹನಗಳ ಬಿಡಿಭಾಗ ವಿತರಿಸುವ ಒಂದು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಇದ್ದದ್ದು ಬಹುಮೌಲ್ಯ ಡೇಟಾಬೇಸ್. ತಿಂಗಳ ಸಾಗಣೆ ವೆಚ್ಚದ ವರದಿ ಬೇಕೆಂದಾಗ, ಇನ್‌ವಾಯ್ಸುಗಳನ್ನು ಸಾಲು ಸಾಲಾಗಿ ಬಿಡಿಸಿ, ಲಾರಿ ಬಾಡಿಗೆಯನ್ನು ಸಾಲು ಸಾಲಿಗೂ ಕೂಡಿಸಿ ಕೊಟ್ಟೆ. ಗೆರೆಯನ್ನು ಮರೆತಿದ್ದೆ. ಸಣ್ಣ ಸಣ್ಣ ಸಾಮಾನುಗಳನ್ನು ಹೆಚ್ಚಾಗಿ ಸಾಗಿಸುತ್ತಿದ್ದ ಶಿರಾ ಮಾರ್ಗದ ಲಾರಿಯವರ ಇನ್‌ವಾಯ್ಸುಗಳಲ್ಲಿ ಸಾಲುಗಳು ಹೆಚ್ಚು. ಹಾಗಾಗಿ ಅವರ ಬಾಡಿಗೆಯೇ ಎಲ್ಲರಿಗಿಂತ ದುಬಾರಿಯಾಗಿ ಕಂಡಿತು. ಸಂಸ್ಥೆಯವರು ಅವರಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದರು. ಮುಂದಿನ ತಿಂಗಳು ಬ್ಯಾಂಕಿನ ಪಾವತಿಗಳೊಂದಿಗೆ ತಾಳೆ ನೋಡುವಾಗ ತಪ್ಪು ಸಿಕ್ಕಿತು. ನಾನೇ ಅವರ ಮನೆಗೆ ಹೋಗಿ, ತಪ್ಪು ನನ್ನದೆಂದು ಹೇಳಿದೆ. ಅವರು ಬೈಯಲಿಲ್ಲ. ಲಾರಿಯ ಕಂತು ಒಂದು ಬಾಕಿ ಬಿದ್ದಿದೆ ಎಂದಷ್ಟೇ ಹೇಳಿದರು. ನಿಮ್ಮ ಪುಟದಲ್ಲಿ 3,600 ಎಂಬ ಅಂಕಿಯನ್ನು ಕಂಡಾಗ ನನಗೆ ಆ ಮನೆಯ ಜಗಲಿ ನೆನಪಾಯಿತು.

ಹಮಾಲಿಯ ಬಗ್ಗೆ ನಿಮ್ಮ ಚಾರ್ಟು ಹೇಳುವ ಮಾತನ್ನು ಓದುವ ಮಂಡಿಯ ಮಾಲೀಕ ಮಾರನೆಯ ದಿನವೇ ಹಮಾಲರ ಕೂಲಿಯ ಮೇಲೆ ಕಣ್ಣು ಹಾಕುತ್ತಾನೆ. ಅವನಿಗೆ ಡಿಕ್ಷನರಿ ಗೊತ್ತಿರುವುದಿಲ್ಲ. ಗೊತ್ತಿರಬೇಕಾದದ್ದು ವರದಿ ಮಾಡಿದ ನಮಗೆ.

ಲೇಖನವನ್ನು ತಿದ್ದಿ ಕಳುಹಿಸಿ. ಇತಿಹಾಸದ ಭಾಗವನ್ನು ಮುಟ್ಟಬೇಡಿ. ಎರಡನೆಯ ಪುಟದಲ್ಲಿ ಡಿಕ್ಷನರಿಯ ಆ ಎರಡು ಜಾಗಗಳನ್ನು ನಿಮ್ಮ ಚೀಟಿಯ ಕಾಲಮ್ಮುಗಳಿಗೇ ಅನ್ವಯಿಸಿ, ಯಾವುದಕ್ಕೆ ಎಸ್, ಯಾವುದಕ್ಕೆ ಎಂ ಎಂದು ಬರೆಯಿರಿ. ನಾಲ್ಕನೆಯ ಪುಟವನ್ನು ಪೂರ್ತಿ ಕೈಬಿಟ್ಟು ಹೊಸದಾಗಿ ಬರೆಯಿರಿ. ಈ ಸಲ ಒಂದೇ ಚೀಟಿ ಸಾಲದು, ಎರಡು ಚೀಟಿ ಇರಲಿ, ಒಂದರಲ್ಲಿ ಮೂರು ಲಾಟು, ಇನ್ನೊಂದರಲ್ಲಿ ಒಂದೇ ಲಾಟು, ಎರಡಕ್ಕೂ 1,200 ರೂಪಾಯಿ ಹಮಾಲಿ. ಮೊದಲು ಎರಡನ್ನೂ ಕಾಗದದ ಮೇಲೆ ಕೈಯಿಂದ ಕೂಡಿ, ಆ ಹಾಳೆಯನ್ನು ಲೇಖನದೊಂದಿಗೆ ಲಗತ್ತಿಸಿ. ನಿಮ್ಮ ಚಾರ್ಟಿನ ಹಮಾಲಿ 2,400ಕ್ಕೆ ನಿಂತಿದ್ದರೆ ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಸಂಪಾದಕ
ತುಮಕೂರು